ಗೀರು ಬೀಳಿಸದ ಕೈ

ಬೆಳಗಿನ ಜಾವ. ಆಸ್ಪತ್ರೆಯ ಮೆದುಳು ವಿಭಾಗದಲ್ಲಿ ಇನ್ನೂ ನೆಲ ಒರೆಸುತ್ತಿದ್ದಾರೆ. ಬಿಸಿನೀರಿನ ಬೋಗುಣಿ, ಕೂದಲು ತೆಗೆಯುವ ಮೆಷಿನ್, ಹೊಸ ಬ್ಲೇಡು ಹಿಡಿದು ಬಂದ ಕತ್ತರಿ ಮಾಮ ಪರದೆ ಸರಿಸುತ್ತಾರೆ. ಅಯ್ಯೋ, ಕುರ್ಚಿಯಲ್ಲಿ ಕೂತಿರುವುದು ಅವರ ಸ್ವಂತ ಅಕ್ಕ! ಮಗಳ ಮನೆಗೆ ಹೊರಟಿದ್ದೇನೆ ಎಂದು ನಿನ್ನೆ ತಾನೇ ಫೋನಿನಲ್ಲಿ ಹೇಳಿದ್ದವರು.

"ಆಪರೇಷನ್ ಅಂತ ಹೇಳಿದ್ರೆ ರಾತ್ರಿಯೆಲ್ಲ ನಿದ್ದೆ ಮಾಡ್ತಿದ್ಯಾ ನೀನು? ಬೇರೆ ಯಾರ ಕೈಗೂ ತಲೆ ಕೊಡಲ್ಲ ಅಂತ ಸಿಸ್ಟರ್‌ಗೆ ಹೇಳಿದ್ದೀನಿ. ಬಾಯಿ ಮುಚ್ಕೊಂಡು ಶುರು ಮಾಡು," ಎನ್ನುತ್ತಾರೆ ಅಕ್ಕ.

ಕತ್ತರಿ ಮಾಮ ಎಂಬುದು ವಾರ್ಡಿನವರು ಇಟ್ಟ ಹೆಸರು. ಮೆದುಳಿನ ಗೆಡ್ಡೆ ತೆಗೆಯುವ ಮುಂಚೆ ರೋಗಿಗಳ ತಲೆ ಬೋಳಿಸುವುದು ಇಪ್ಪತ್ತು ವರ್ಷದಿಂದ ಅವರ ಕೆಲಸ. ದಿನಕ್ಕೆ ಮೂರ್ನಾಲ್ಕು ತಲೆ. ಇದೇನು ಮಹಾ ಎಂದು ಮೂಗು ಮುರಿಯಬೇಡಿ. ಸಣ್ಣ ಗೀರು ಬಿದ್ದರೂ ನಂಜಾದೀತೆಂದು ಡಾಕ್ಟರು ಆಪರೇಷನ್ ಮುಂದೂಡುತ್ತಾರೆ. ಹಾಗಾಗಿ ರೋಗಿಗಳು ಹೆದರಿ ತಲೆ ಅಲುಗಿಸದಿರಲೆಂದು ಮಾಮ ಏನಾದರೂ ಕೇಳುತ್ತಲೇ ಇರುತ್ತಾರೆ: ಮೊದಲು ಜಡೆ ಹಾಕಿದ್ದು ಯಾರು, ಶಾಲೆಯಲ್ಲಿ ಏಟು ತಿಂದದ್ದು ಯಾಕೆ. ಹೆದರಿ ಬಂದವರೂ ಮಾತಿಗೆ ಬೀಳುತ್ತಾರೆ.

ವಾರ್ಡಿನ ಗೋಡೆಯ ಮೇಲೆ ಈ ಸೀಮೆಯ ದೊಡ್ಡ ನಕ್ಷೆಯಿದೆ. ಗೆಡ್ಡೆ ಯಾವ ಊರಿನವರಿಗೆ, ಯಾವ ವಯಸ್ಸಿನವರಿಗೆ, ತಲೆಯ ಯಾವ ಭಾಗದಲ್ಲಿ ಬಂತೆಂದು ಡಾಕ್ಟರುಗಳು ಬಣ್ಣಬಣ್ಣದ ಗುಂಡುಸೂಜಿ ಚುಚ್ಚುತ್ತಾರೆ. ಮಕ್ಕಳಿಗೆ ಹೆಚ್ಚಾಗಿ ಹಿಂದಲೆಯಲ್ಲಿ, ಅದಕ್ಕೆ ಕೆಂಪು. ನಡುವಯಸ್ಸು ದಾಟಿದ ಹೆಂಗಸರಿಗೆ ಮೆದುಳಿನ ಹೊದಿಕೆಯಲ್ಲಿ ನಿಧಾನವಾಗಿ ಬೆಳೆಯುವಂಥದ್ದು, ಅದಕ್ಕೆ ಹಳದಿ. ಅಕ್ಕನದು ಈ ಹಳದಿ.

"ದಿನಾ ಆ ಸೂಜಿ ನೋಡ್ಕೊಂಡೇ ಓಡಾಡ್ತಿದ್ದೆ. ನೀನು ತಲೆನೋವು ಅಂದಾಗ ಕನ್ನಡಕ ಬದಲಾಯಿಸು ಅಂದ್ಬಿಟ್ಟೆ. ಸೂಜಿಯೆಲ್ಲ ಬೇರೆಯವರ ಮನೇದು ಅಂದ್ಕೊಂಡಿದ್ನಲ್ಲ!" ಎನ್ನುತ್ತಾರೆ ಮಾಮ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಮಾಮ ಕೆಲಸಕ್ಕೆ ಕೈ ಹಾಕುತ್ತಾರೆ. ಜಡೆ ಕತ್ತರಿಸಿ, ದಾರ ಕಟ್ಟಿ, ಅಕ್ಕನ ಮಡಿಲಿಗಿಡುತ್ತಾರೆ. ಮೆಷಿನ್ ಕೆಲಸವೂ ಮುಗಿಯುತ್ತದೆ. ಆದರೆ ಬ್ಲೇಡು ಎತ್ತಿದ ಕೈ ಮುಂದೆ ಹೋಗದು. ಗೀರಿದರೆ ಇವತ್ತು ಆಪರೇಷನ್ ಇಲ್ಲ. ಆಗ ಅಕ್ಕನೇ ಕೇಳುತ್ತಾರೆ:

"ನೀನು ಮೊದಲು ಬೋಳಿಸಿದ್ದು ಯಾರ ತಲೆನೋ?"

"ನಿನ್ನ ಗೊಂಬೇದು."

"ಆಮೇಲೆ?"

"ಅಟ್ಟಾಡಿಸ್ಕೊಂಡು ಹೊಡೆದೆಯಲ್ಲ!"

ಇಬ್ಬರಿಗೂ ನಗು ಬರುತ್ತದೆ. ಕೈ ಹದಕ್ಕೆ ಬರುತ್ತದೆ.

ಅಕ್ಕನನ್ನು ಆಪರೇಷನ್‌ಗೆ ಕರೆದೊಯ್ದ ಮೇಲೂ ಇನ್ನಿಬ್ಬರು ರೋಗಿಗಳು ಕಾಯುತ್ತಿದ್ದಾರೆ. ಮಾಮ ಅವರ ತಲೆಯನ್ನೂ ಬೋಳಿಸುತ್ತಾರೆ. "ಮಾಡ್ದೇ ಇರೋಕಾಗತ್ತಾ? ಅವರ ಮನೆಯವರೂ ಹೊರಗೆ ನನ್ನ ಹಾಗೇ ಕಾಯ್ತಾ ಕೂತಿದ್ದಾರೆ," ಎನ್ನುತ್ತಾರೆ ಸಿಸ್ಟರ್‌ಗೆ.

ಸಂಜೆ ಅಕ್ಕ ಕಣ್ಣು ಬಿಡುತ್ತಾರೆ. ಗುರುತು ಸಿಗುತ್ತದೋ ಇಲ್ಲವೋ, ಮಾತು ಉಳಿದಿದೆಯೋ ಇಲ್ಲವೋ ಎಂದು ಮಾಮ ಮಂಚದ ಪಕ್ಕ ಕಾಯುತ್ತಾ ನಿಂತಿದ್ದಾರೆ. ಒಣಗಿದ ತುಟಿ ಅಲುಗುತ್ತದೆ.

"ಗೊಂಬೆ ಹೇಗಿದೆಯೋ?"

"ಒಂದು ಗೀರೂ ಇಲ್ಲಕ್ಕಾ," ಎನ್ನುತ್ತಾರೆ ಕತ್ತರಿ ಮಾಮ.