ವೈರಿಲ್ಲದ ಕರೆಗಂಟೆ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಹೆದರುವುದಕ್ಕೂ ಪುರುಸೊತ್ತು ಬೇಕಲ್ಲ! ನಾನು ಡೆಟ್ರಾಯಿಟ್ ಹತ್ತಿರದ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ನರ್ಸ್. ಸಾಲು ಕುರ್ಚಿಗಳಲ್ಲಿ ಕೂತವರಿಗೆ ಕೀಮೋ ಹಾಕುವ ಕೆಲಸ. ಬಾತ್‌ರೂಮಿಗೆ ಹೋಗಲೂ ಮುಹೂರ್ತ ನೋಡಬೇಕು. ದೆವ್ವ ಬಂದಿದ್ದರೂ "ಸ್ವಲ್ಪ ಕೂತಿರಿ, ಬರ್ತೀನಿ" ಎನ್ನುತ್ತಿದ್ದೆ. ಅಂಥವಳು ಇದನ್ನು ಬರೆಯುತ್ತಿದ್ದೇನೆ. ನೀವು ನಕ್ಕರೆ ಬೇಜಾರಿಲ್ಲ.

ಕಿಟಕಿ ಪಕ್ಕದ ಕುರ್ಚಿ ಶಾಂತಾ ಆಂಟಿಯದು. ಧಾರವಾಡದ ಕಡೆಯವರು, ಪಕ್ಕದ ನೋವೈ ಊರಿನಲ್ಲಿ ಮಗಳ ಮನೆಯಲ್ಲಿದ್ದರು. ಪ್ರತಿ ಕುರ್ಚಿಗೂ ಒಂದು ಕರೆಗಂಟೆಯ ಗುಂಡಿ ಇದೆ. ಒತ್ತಿದರೆ ನಮ್ಮ ಡೆಸ್ಕಿನಲ್ಲಿ ಕೆಂಪು ದೀಪ ಹತ್ತುತ್ತದೆ. ಮಧ್ಯಾಹ್ನವಾದರೆ ಆಂಟಿಯ ದೀಪ ಹತ್ತಿತೆಂದೇ ಲೆಕ್ಕ. ಔಷಧಿ ಮೈಗೆ ಆಗದೆ ಉಸಿರು ಕಟ್ಟಿತೇನೋ ಎಂದು ನಾನು ಎದ್ದೆನೋ ಬಿದ್ದೆನೋ ಎಂದು ಓಡಿದರೆ, ಅವರು ಆರಾಮಾಗಿ ಕೂತಿರುತ್ತಿದ್ದರು.

"ಊಟ ಆತೇನವಾ?"

"ಆಂಟಿ, ಅದು ಎಮರ್ಜೆನ್ಸಿಗೆ ಒತ್ತೋದು!"

"ಉಪಾಸ ಇರೋದು ಎಮರ್ಜೆನ್ಸಿ ಅಲ್ಲೇನು? ನನಗಂತೂ ಬಾಯಿ ರುಚಿ ಇಲ್ಲ. ನೀನರ ತಿನ್ನು." ಚೀಲದಿಂದ ಶೇಂಗಾ ಹೋಳಿಗೆ ಹೊರಬರುತ್ತಿತ್ತು.

ಆ ಚಳಿಗಾಲ ಆಂಟಿ ಹೋದರು. ಅವರ ಹಿಂದೆಯೇ ಇನ್ನೂ ಕೆಲವರು ಹೋದರು. ನನಗೆ ಅಳುವೂ ಬರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಮೈಮನಸ್ಸು ಎರಡೂ ಸೋತಿದ್ದವು. ಮನೆಯಲ್ಲೇ ಕೂತು ಇನ್ಶೂರೆನ್ಸ್ ಫೈಲು ನೋಡುವ ಕೆಲಸವೊಂದು ಸಿಗುವಂತಿತ್ತು. ಒಂದು ದಿನ, ಮಧ್ಯಾಹ್ನ ಮ್ಯಾನೇಜರ್ ಬಳಿ ಹೋಗಿ ಕೆಲಸ ಬಿಡುತ್ತೇನೆಂದು ಹೇಳಿಯೇಬಿಡುವುದು ಎಂದು ನಿರ್ಧರಿಸಿ ಬಂದೆ.

ಆವತ್ತು ಕಿಟಕಿ ಪಕ್ಕದ ಕುರ್ಚಿ ಖಾಲಿ. ಗುಂಡಿ ಕೆಟ್ಟಿತ್ತೆಂದು ಬೆಳಿಗ್ಗೆಯೇ ಬಿಚ್ಚಿ ಡ್ರಾಯರಿನಲ್ಲಿ ಇಟ್ಟಿದ್ದೆವು. ಮಧ್ಯಾಹ್ನ ಅದರ ದೀಪ ಹತ್ತಿತು. ಹೋಗಿ ಕುರ್ಚಿ ಹಿಂದಿನ ಗೋಡೆಯ ಸ್ವಿಚ್ಚಿನಲ್ಲಿ ಆರಿಸಿ ಬಂದೆ. ಮತ್ತೆ ಹತ್ತಿತು. ನನ್ನ ಜೊತೆಯ ನರ್ಸ್ ಟ್ರೇಸಿ ಆರಿಸಿದಳು, ಅವಳು ಬೆನ್ನು ತಿರುಗಿಸಿದ್ದೇ ತಡ, ಮತ್ತೆ ಹತ್ತಿತು. ರಿಪೇರಿಯ ರೇ ಬಂದು, ಏಣಿ ಹತ್ತಿ ಗೋಡೆಯ ಮೇಲ್ಭಾಗದ ಮುಚ್ಚಳ ತೆಗೆದು ಒಳಗಿನ ವೈರನ್ನೇ ಕಿತ್ತ. "ಇನ್ನು ಅದರಪ್ಪ ಬಂದ್ರೂ ಹತ್ತಲ್ಲ" ಎಂಬರ್ಥದ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ. ವೈರು ಇನ್ನೂ ಅವನ ಕೈಯಲ್ಲೇ ಇತ್ತು. ದೀಪ ಹತ್ತಿತು.

ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಎಲ್ಲರ ಮುಂದೆ ಅಚ್ಚ ಕನ್ನಡದಲ್ಲಿ ಕಿರುಚಿದೆ: "ಇಲ್ಲ ಆಂಟಿ, ಇನ್ನೂ ಆಗಿಲ್ಲ! ಈಗ್ಲೇ ಹೋಗ್ತೀನಿ, ಸಾಕಾ?"

ದೀಪ ಆರಿತು.

ರೇ ಮೆಲ್ಲಗೆ ಕೇಳಿದ, "ಅದಕ್ಕೆ ಏನು ಹೇಳಿದೆ?"

"ಊಟಕ್ಕೆ ಹೋಗ್ತೀನಿ ಅಂದೆ."

"ಹಾಗಾದ್ರೆ ನಿಂತ್ಕೊಂಡು ಏನ್ ನೋಡ್ತಿದೀಯಾ, ಹೋಗಮ್ಮ!" ಎಂದವನು ಏಣಿಯನ್ನು ಅಲ್ಲೇ ಬಿಟ್ಟು ಹೊರಟ.

ಡಬ್ಬಿಯ ತಣ್ಣನೆ ಮೊಸರನ್ನ ತಿನ್ನುತ್ತಾ ಅತ್ತೆ. ಆಂಟಿಗಾಗಿ, ಉಳಿದವರಿಗಾಗಿ, ತಿಂಗಳುಗಟ್ಟಲೆ ಬಾರದ ಅಳು ಆವತ್ತು ಬಂತು. ನಾನು ಮರಳಿದ ಕೂಡಲೇ ಟ್ರೇಸಿ ಯಾರೂ ಹೇಳದೆ ತಾನೂ ಊಟಕ್ಕೆ ಓಡಿದಳು. ಅವಳಿಗೂ ಭಯವಿತ್ತೆಂದು ಕಾಣುತ್ತದೆ. ಆಮೇಲೆ ಮ್ಯಾನೇಜರ್ ಎದುರು ಕೂತಾಗ, ಹೇಳಬೇಕೆಂದು ಬಂದದ್ದು ಬಾಯಿಗೆ ಬರಲಿಲ್ಲ. ಊಟದ ಹೊತ್ತಿನಲ್ಲಿ ನಮ್ಮ ರೋಗಿಗಳನ್ನು ನೋಡಿಕೊಳ್ಳಲು ಒಬ್ಬರನ್ನು ಕೊಡಿ ಎಂದು ಕೇಳಿ ಎದ್ದು ಬಂದೆ. ಕೊಟ್ಟರು.

ಆ ದೀಪ ಮತ್ತೆಂದೂ ತಾನಾಗಿ ಹತ್ತಲಿಲ್ಲ. ಡೆಸ್ಕಿನ ದೀಪದ ಬೋರ್ಡಿನಲ್ಲಿ ಏನೋ ದೋಷ ಎಂದು ರೇ ಹೇಳುತ್ತಾನೆ, ಯಾವ ದೋಷವೆಂದು ಕೇಳಿದರೆ ಮಾತು ಬದಲಿಸುತ್ತಾನೆ. ನನಗೂ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ತಿಳಿದರೆ ಹೇಳಿ. ನಾನಂತೂ ಒಂದೆರಡು ಸಲ ಬೇಕೆಂದೇ ಊಟ ಬಿಟ್ಟು, ಡೆಸ್ಕಿನಲ್ಲಿ ಆ ದೀಪವನ್ನೇ ನೋಡುತ್ತಾ ಕೂತಿದ್ದೇನೆ.