ಫುಲ್ಲಿ ಫರ್ನಿಶ್ಡ್ ಮನೆಯಲ್ಲಿ ನನ್ನ ಚಾಪೆ

ಗೆಳೆಯರೇ, ಸಿಂಧನೂರಿನಲ್ಲಿ ಕೊನೆಗೂ ಒಂದು 'ಫುಲ್ಲಿ ಫರ್ನಿಶ್ಡ್' ಬಾಡಿಗೆ ಮನೆ ಸಿಕ್ಕಿತು. ಸೋಫಾ, ಮಂಚ, ಅಲ್ಮಾರಿ, ವಾಷಿಂಗ್ ಮಷೀನು ಎಲ್ಲವೂ ಇದೆ. ಇವತ್ತು ಸಾಮಾನು ಇಳಿಸಿ, ಸುಸ್ತಾಗಿ, ಪ್ಲಾಸ್ಟಿಕ್ ಹೊದಿಸಿದ್ದ ಸೋಫಾದ ಮೇಲೆ ಕೂತೆನಷ್ಟೇ, ಮನೆ ಮಾಲಕಿ ಈರಮ್ಮ ಓಡಿ ಬಂದರು.

"ಏಳ್ರೀ ಸರ, ಪ್ಲಾಸ್ಟಿಕ್ ಹರೀತೈತಿ! ಇವೆಲ್ಲಾ ಮಗಳ ಮದುವಿಗೆ ಕೊಡಾಕ ತಂದಿಟ್ಟೀನ್ರೀ."

"ಮತ್ತ ಬೋರ್ಡಿನ್ಯಾಗ ಫುಲ್ಲಿ ಫರ್ನಿಶ್ಡ್ ಅಂತ ಬರ್ದೀರಲ್ರೀ?"

"ಹೌದ್ರೀ, ಏನು ಕಮ್ಮಿ ಐತಿ ಹೇಳ್ರೀ!"

"ಮದುವಿ ಯಾವಾಗ್ರೀ?"

"ಅಕಿ ಇನ್ನಾ ಎಂಟನೇ ಕ್ಲಾಸ್ ಓದಾಕತ್ತಾಳ್ರೀ."

ಸೋಫಾದ ಎದುರಿಗೇ ಚಾಪೆ ಹಾಸಿಕೊಂಡೆ. ಸಂಜೆ ಆ ಹುಡುಗಿ ಚಹಾ ತಂದಳು. ಸೋಫಾದ ಕಡೆ ಒಮ್ಮೆ ನೋಡಿ, ಮೆಲ್ಲಗೆ ಅಂದಳು:

"ಬೇಜಾರು ಮಾಡ್ಕೋಬ್ಯಾಡ್ರೀ ಸರ, ಅವ್ವ ನಂಗೂ ಇನ್ನಾ ಅದರ ಮ್ಯಾಲ ಕೂಡಾಕ ಬಿಟ್ಟಿಲ್ಲ."