ಜಾಲ್ಸೂರಿನಲ್ಲಿ ಕಡಿಯದೆ ಬಿಟ್ಟ ಗೆಲ್ಲು

1959ರಲ್ಲಿ ನಾನು ಪುತ್ತೂರಿನಲ್ಲಿ ಟೆಲಿಗ್ರಾಫ್ ಲೈನ್ ಇನ್‌ಸ್ಪೆಕ್ಟರ್ ಆಗಿದ್ದೆ. ಪುತ್ತೂರಿನಿಂದ ಸುಳ್ಯದವರೆಗಿನ ತಂತಿ ನನ್ನ ಜವಾಬ್ದಾರಿ. ಪ್ರತಿ ವರ್ಷ ಮೇ ತಿಂಗಳಲ್ಲಿ ನಮಗೆ ಎರಡು ಕೆಲಸ. ಗಾಳಿಗೆ ತಂತಿಯ ಮೇಲೆ ಬೀಳಬಹುದಾದ ಗೆಲ್ಲುಗಳನ್ನು, ಅಂದರೆ ಮರದ ಕೊಂಬೆಗಳನ್ನು, ಕಡಿಯುವುದು. ಮಂಜಿನಲ್ಲೂ ಕಾಣುವಂತೆ ಕಂಬಗಳಿಗೆ ಎದೆಯೆತ್ತರದಲ್ಲಿ ಸುಣ್ಣದ ಪಟ್ಟಿ ಬಳಿಯುವುದು.

ಆ ವರ್ಷ ಜಾಲ್ಸೂರಿನ ಹತ್ತಿರ ರಸ್ತೆ ಬದಿಯ ಹಲಸಿನ ಮರದ ಒಂದು ಗೆಲ್ಲು ತಂತಿಯ ಮೇಲೆಯೇ ಚಾಚಿತ್ತು. ಅದರ ತುಂಬ ಕಾಯಿ. ಲೈನ್‌ಮನ್ ಐತಪ್ಪ ಏಣಿ ಇಡುವಷ್ಟರಲ್ಲಿ ಮರದ ಪಕ್ಕದ ಮನೆಯೊಡತಿ ಐಸಮ್ಮ ಹೊರಗೆ ಬಂದರು. ಅವರ ಗಂಡ ಮಂಜಿಯ, ಅಂದರೆ ಸರಕು ಸಾಗಿಸುವ ಹಾಯಿ ಹಡಗಿನ, ತಂಡೇಲರು; ಹಡಗು ನಡೆಸುವ ಮುಖ್ಯಸ್ಥರು. ಮಳೆಗಾಲಕ್ಕೆ ಮೊದಲಿನ ಕೊನೆಯ ಪಯಣ ಮುಗಿಸಿ ಮುಂಬಯಿಯಿಂದ ಮಂಗಳೂರಿಗೆ ಬರುತ್ತಿದ್ದರು.

"ಹಣ್ಣಾಗ್ಲಿಕ್ಕೆ ಇನ್ನು ಹತ್ತು ದಿನ ಸಾಕು ಮಾರಾಯ್ರೆ," ಎಂದರು ಐಸಮ್ಮ. "ಅವರು ಬರುವಾಗ ಈ ಮರದ್ದೇ ಹಣ್ಣು ಬೇಕು ಹೇಳಿ ಹೋಗಿದ್ದಾರೆ."

ಐತಪ್ಪ ನನ್ನ ಮುಖ ನೋಡಿದ. ಹತ್ತು ದಿನ ತಾನೇ ಎಂದುಕೊಂಡು ನಾನು ಏಣಿ ಇಳಿಸಲು ಹೇಳಿದೆ.

ಏಳನೆಯ ದಿನ ಬೆಳಿಗ್ಗೆ ಮಂಗಳೂರಿನಿಂದ ಎಚ್ಚರಿಕೆ ಬಂತು: ಕಡಲಿನಲ್ಲೂ ಕರಾವಳಿಯಲ್ಲೂ ಬಿರುಗಾಳಿ ಬರಬಹುದು. ನಾವು ಸಲಕರಣೆ ಹೊಂದಿಸಿ ಹೊರಡುವ ಮೊದಲೇ ಗಾಳಿ ಎದ್ದಿತು. ಸಂಜೆಗೆ ಸುಳ್ಯದ ಲೈನ್ ಸತ್ತಿತು. ಎಲ್ಲಿ ತುಂಡಾಗಿರಬಹುದೆಂದು ನನಗೆ ಗೊತ್ತಿತ್ತು.

ಮರುದಿನ ನಸುಕಿಗೆ ಹೊರಟೆವು. ಗಾಳಿ ನಿಂತಿತ್ತು, ಆದರೆ ಮಂಜು ಎಷ್ಟಿತ್ತೆಂದರೆ ತಲೆಯ ಮೇಲಿನ ತಂತಿ ಕಾಣುತ್ತಿರಲಿಲ್ಲ. ಸುಣ್ಣದ ಪಟ್ಟಿ ಹುಡುಕುತ್ತ ಕಂಬದಿಂದ ಕಂಬಕ್ಕೆ ನಡೆದೆವು. ಜಾಲ್ಸೂರಿನಲ್ಲಿ ಆ ಗೆಲ್ಲು ತಂತಿಯನ್ನು ಎಳೆದುಕೊಂಡು ರಸ್ತೆಗೆ ಅಡ್ಡ ಬಿದ್ದಿತ್ತು. ಐಸಮ್ಮ ಅದರ ಪಕ್ಕದಲ್ಲೇ ನಿಂತಿದ್ದರು.

"ಕಡಲಿನಲ್ಲೂ ಗಾಳಿಯಂತೆ. ಅವರದ್ದು ಎಂತಾದ್ರೂ ಸುದ್ದಿ ಉಂಟಾ?" ಎಂದು ಕೇಳಿದರು.

"ಸುದ್ದಿ ಬರುವ ತಂತಿ ಇದೇ ಅಮ್ಮ. ಆ ದಿನವೇ ಕಡಿಯಬೇಕಿತ್ತು. ತಪ್ಪು ನನ್ನದು."

ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಬೇಡ ಹೇಳಿದ್ದು ನಾನಲ್ವಾ. ಈಗ ಎಂತ ಮಾಡ್ಬೇಕು, ಅದು ಹೇಳಿ."

ನೆರೆಮನೆಯವರನ್ನು ಕರೆದು ಅವರೇ ಕತ್ತಿ ಹಿಡಿದು ನಿಂತರು. ಗೆಲ್ಲು ಸರಿಸಿ ತಂತಿ ಬಿಗಿದು ಜೋಡಿಸಿದೆವು. ಆದರೂ ಲೈನ್ ಬರಲಿಲ್ಲ. ಮುಂದಿನ ಕಂಬವನ್ನು ಮಂಜಿನಲ್ಲೇ ಹತ್ತಿದ ಐತಪ್ಪ ಮೇಲಿನಿಂದ ಕೂಗಿದ: "ಪಿಂಗಾಣಿ ಒಡೆದಿದೆ, ತಂತಿ ಕಂಬಕ್ಕೇ ತಾಗಿದೆ." ತಂತಿ ಕಂಬಕ್ಕೆ ತಾಗದಂತೆ ಹಿಡಿಯುವ ಹೊಸ ಪಿಂಗಾಣಿ ಇನ್ಸುಲೇಟರ್ ಕೂರಿಸಿ, ನಾವು ಜತೆಗೊಯ್ಯುವ ಪರೀಕ್ಷಾ ಫೋನನ್ನು ತಂತಿಗೆ ಸಿಕ್ಕಿಸಿದಾಗ ಪುತ್ತೂರು ಸಿಕ್ಕಿತು. ಸುಳ್ಯದ ಕಡೆಗೆ ಹೋಗಬೇಕಾದ ಟೆಲಿಗ್ರಾಂಗಳು ಹಿಂದಿನ ಸಂಜೆಯಿಂದ ಅಲ್ಲೇ ಉಳಿದಿದ್ದವು. ಒಂದು ಐಸಮ್ಮನ ಹೆಸರಿಗೆ, ಮಲ್ಪೆ ಬಂದರಿನಿಂದ.

ಟೆಲಿಗ್ರಾಂ ಕಾಗದದಲ್ಲೇ ಕೈಸೇರಬೇಕೆಂಬುದು ನಿಯಮ. ನಾನು ಕಾಯಲಿಲ್ಲ; ಫೋನಿನಲ್ಲೇ ಓದಿಸಿಕೊಂಡೆ. "ಮಲ್ಪೆಗೆ ಸೇರಿದ್ದೇವೆ, ಎಲ್ಲರೂ ಕ್ಷೇಮ ಎಂದಿದ್ದಾರೆ," ಎಂದೆ.

"ಎಲ್ಲರೂ ಅಂತ ಉಂಟಾ?"

"ಎಲ್ಲರೂ ಅಂತಲೇ ಉಂಟು."

"ಮಂಜಿಯಲ್ಲಿ ಒಂಬತ್ತು ಜನ ಉಂಟು," ಎಂದವರೇ ಐಸಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ನಮ್ಮಿಬ್ಬರಿಗೂ ಗಂಜಿ, ಬಿದ್ದ ಕಾಯಿಯದೇ ಪಲ್ಯ ಬಡಿಸಿದರು. ಅಷ್ಟು ರುಚಿಯಾಗಿ ನಾನು ಹಿಂದೆಂದೂ ಉಂಡಿರಲಿಲ್ಲ.

ಆ ದಿನ ನಾನು ಗೆಲ್ಲು ಉಳಿಸಿದ್ದು ಕರುಣೆಯಿಂದ ಎಂದು ಬಹಳ ಕಾಲ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ, ಒಬ್ಬ ಹೆಂಗಸಿಗೆ ಎದುರು ನಿಂತು ಇಲ್ಲ ಎನ್ನಲು ಸಂಕೋಚಪಟ್ಟಿದ್ದೆ. ಗಾಳಿಗೆ ಮುಂಚಿನ ಕೆಲಸದಲ್ಲಿ ಏಣಿ, ಕತ್ತಿಗಳಷ್ಟೇ ಮುಖ್ಯವಾದದ್ದು ಆ ಇಲ್ಲ ಎಂಬ ಮಾತು. ಅದನ್ನು ಮೆತ್ತಗೆ, ಆದರೆ ಅದೇ ದಿನ ಹೇಳಲು ಕಲಿತ ಮೇಲೆಯೇ ನಾನು ನನ್ನ ಹುದ್ದೆಗೆ ತಕ್ಕವನಾದೆ.